ಹುಂಡಿಯ ಹಣಕ್ಕೆ ಲೆಕ್ಕ ಕೇಳೋಣ

ವೈಟ್‌ಫೀಲ್ಡ್ ಕಡೆ ಹೋಗಿ ನೋಡಿ. ಎಲೆಕ್ಟ್ರಾನಿಕ್ ಸಿಟಿ ನೋಡಿ. ಪೀಣ್ಯ ನೋಡಿ. ಎಲ್ಲಾ ಕಡೆ ದೊಡ್ಡ ದೊಡ್ಡ ಕಟ್ಟಡಗಳು. ಕಟ್ಟಿದವರು ಯಾರು? ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದವರು. ದೂರದ ರಾಜ್ಯಗಳಿಂದ ಬಂದವರು. ಗಾರೆ ಕಲಸಿದವರು, ಇಟ್ಟಿಗೆ ಹೊತ್ತವರು, ಕಂಬಿ ಕಟ್ಟಿದವರು. ಕಟ್ಟಡ ಮೇಲೆದ್ದಿತು. ಕಟ್ಟಿದವರು ಮಾತ್ರ ತಗಡಿನ ಶೆಡ್ಡಿನಲ್ಲೇ ಇದ್ದಾರೆ.

ಈ ಜನರಿಗಾಗಿ ಒಂದು ಹುಂಡಿ ಇದೆ. ಅದರ ವಿಷಯ ತಿಳಿಯೋಣ.

ಹಣ ಎಲ್ಲಿಂದ ಬರುತ್ತದೆ?

1996ರಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು. ಕಟ್ಟಡ ಕಟ್ಟಿಸುವವರು ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಕೊಡಬೇಕು. ಇದಕ್ಕೆ ಸೆಸ್ ಅಂತಾರೆ. 10 ಕೋಟಿಯ ಕಟ್ಟಡಕ್ಕೆ 10 ಲಕ್ಷ ಸೆಸ್. ಈಗ ಇದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ.

ಈ ಹಣ ನೋಡಿಕೊಳ್ಳಲು ನಮ್ಮ ರಾಜ್ಯದಲ್ಲಿ 2007ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಆಯಿತು. ಪಿಂಚಣಿ, ಹೆರಿಗೆ, ಆಸ್ಪತ್ರೆ ಖರ್ಚು, ಮಕ್ಕಳ ಓದು, ಅಪಘಾತ ಪರಿಹಾರ – ಇವಕ್ಕೆ ಹಣ ಬಳಸಬೇಕು.

ಹಣ ಏಕೆ ಉಳಿಯುತ್ತದೆ?

2018ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದ ಲೆಕ್ಕ ನೋಡಿತು. ಸುಮಾರು 37,400 ಕೋಟಿ ರೂಪಾಯಿ ಸೆಸ್ ಬಂದಿತ್ತು. ಕೂಲಿಕಾರರಿಗೆ ತಲುಪಿದ್ದು ಸುಮಾರು 9,500 ಕೋಟಿ ಮಾತ್ರ.

ಕಾರಣ ಏನು? ಹೆಸರು ನೋಂದಾಯಿಸಿದವರಿಗೆ ಮಾತ್ರ ಹಣ ಸಿಗುತ್ತದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಇಂದು ಇಲ್ಲಿ, ನಾಳೆ ಅಲ್ಲಿ ಕೆಲಸ ಮಾಡುವವರು ದಾಖಲೆ ಎಲ್ಲಿಂದ ತರಬೇಕು? ಅದೇ ಹೊತ್ತಿಗೆ, ಕಟ್ಟಡ ಕೆಲಸ ಮಾಡದವರೂ ಸುಳ್ಳು ಕಾರ್ಡು ಮಾಡಿಸಿಕೊಂಡದ್ದುಂಟು.

ಸ್ವಲ್ಪ ಹಣ ಉಳಿಯುವುದು ತಪ್ಪಲ್ಲ. ನಾಳೆಯ ಪಿಂಚಣಿಗೆ ಬೇಕು. ಆದರೆ ಹಸಿದವರ ಎದುರು ಕಣಜಕ್ಕೆ ಬೀಗ ಹಾಕಬಾರದು.

ಲೆಕ್ಕ ಕೇಳುವವರು ಯಾರು?

ಬಜೆಟ್ಟಿನ ಹಣಕ್ಕೆ ವಿಧಾನಸಭೆ ಪ್ರತಿವರ್ಷ ಒಪ್ಪಿಗೆ ಕೊಡುತ್ತದೆ. ಆ ಒಪ್ಪಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹುಂಡಿಯ ಹಣ ಹಾಗಲ್ಲ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳದೆ ಇದ್ದುಬಿಡಬಹುದು. ಬೇರೆ ಕೆಲಸಕ್ಕೂ ಹೋಗಿಬಿಡಬಹುದು.

ಅದಕ್ಕೇ ಕಾವಲು ಬೇಕು. ಸಿ.ಎ.ಜಿ. ಎಂಬ ಸಂಸ್ಥೆ ಸರ್ಕಾರದ ಲೆಕ್ಕ ತಪಾಸಣೆ ಮಾಡುತ್ತದೆ. ಅದರ ವರದಿ ರಾಜ್ಯಪಾಲರಿಗೆ ಹೋಗುತ್ತದೆ. ಅಲ್ಲಿಂದ ಸದನಕ್ಕೆ ಬರುತ್ತದೆ. ಆಮೇಲೆ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಓದುತ್ತದೆ. ಅಧಿಕಾರಿಗಳನ್ನು ಕರೆಸಿ, “ಹಣ ಯಾಕೆ ಉಳಿಯಿತು? ಎಲ್ಲಿಗೆ ಹೋಯಿತು?” ಅಂತ ಕೇಳುತ್ತದೆ. ಶಾಸಕರು ಸದನದಲ್ಲೂ ಪ್ರಶ್ನೆ ಹಾಕಬಹುದು. ಮಂತ್ರಿಗಳು ಉತ್ತರ ಕೊಡಬೇಕು.

ನಾವೇನು ಮಾಡೋಣ?

ಕಟ್ಟಡ ಕೆಲಸ ಮಾಡುವವರು ಮೊದಲು ಹೆಸರು ನೋಂದಾಯಿಸೋಣ. ಕಾರ್ಡಿನ ಅವಧಿ ಮುಗಿಯುವ ಮುಂಚೆ ನವೀಕರಿಸೋಣ. ನಾಲ್ಕು ಜನ ಸೇರಿ ನಮ್ಮ ಶಾಸಕರಿಗೆ ಅರ್ಜಿ ಬರೆಯೋಣ. 2005ರ ಮಾಹಿತಿ ಹಕ್ಕು ಕಾನೂನಿನಂತೆ 10 ರೂಪಾಯಿ ಕಟ್ಟಿ ಲೆಕ್ಕ ಕೇಳೋಣ. 30 ದಿನದಲ್ಲಿ ಉತ್ತರ ಬರಬೇಕು.

ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಅಕ್ಷರ ಕಲಿತಿದೆ. ಆ ಕೈಯಿಂದ ಒಂದು ಅರ್ಜಿ ಬರೆಯೋಣ. ಹುಂಡಿ ನಮ್ಮದು, ಲೆಕ್ಕ ಕೇಳುವ ಹಕ್ಕೂ ನಮ್ಮದೇ.