ನಾಲ್ಕಕ್ಷರಕ್ಕೆ ಇಪ್ಪತ್ತು ಮನೆ ಸಾಲಲಿಲ್ಲ

ಕಾಮರ್ಸ್ ಓದುವವನಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮ್ಮ ಸಂಘದ ವರ್ಗಣಿ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದವನು ನಾನೇ. ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿದ ಮರುದಿನ ಕ್ಯಾಂಟೀನಿನ ಹಿರಿಯರೊಬ್ಬರು ರಸೀದಿ ಹಿಡಿದು ಬಂದರು. "ಐವತ್ತು ರೂಪಾಯಿ ಕೊಟ್ಟಿದ್ದೇನಲ್ಲ ಮಾರಾಯ, ನನ್ನ ಹೆಸರಿನ ಮುಂದೆ ಬಾಕಿ ಅಂತ ಯಾಕುಂಟು?" ಸಂಬಳದಲ್ಲಿ ಉಳಿಸಿ ಕೊಟ್ಟ ದುಡ್ಡು. ನಾನು ತಲೆ ತಗ್ಗಿಸಿದೆ. ತಪ್ಪು ಎಲ್ಲಾಯಿತು ಎಂದು ಹೇಳುವುದಕ್ಕೇ ಈ ಲೇಖನ.

ಸಿ ಭಾಷೆಯಲ್ಲಿ ಟೈಪ್ ಮಾಡಿದ್ದನ್ನು ಇಡಲು ಇಷ್ಟು ಮನೆ ಅಂತ ಮೊದಲೇ ಜಾಗ ಕಾದಿರಿಸಬೇಕು. ಒಂದು ಮನೆಯೆಂದರೆ ಒಂದು ಬೈಟ್. ಹಿಂದೆ ಸಾಲು ಓದಲು ಗೆಟ್ಸ್ ಎಂಬ ಫಂಕ್ಷನ್ ಇತ್ತು. ಅದಕ್ಕೆ ಮನೆ ಎಷ್ಟಿವೆ ಎಂದು ತಿಳಿಸುವ ದಾರಿಯೇ ಇರಲಿಲ್ಲ. ಜಾಗ ಮುಗಿದರೂ ಪಕ್ಕದ ಮನೆಗೆ ನುಗ್ಗಿ ಬರೆಯುತ್ತಿತ್ತು. ಪ್ರೋಗ್ರಾಮ್ ಮುಂದೆಲ್ಲಿಗೆ ಹೋಗಬೇಕೆಂಬ ವಿಳಾಸ ಅಲ್ಲಿದ್ದರೆ, ಅದನ್ನಳಿಸಿ ಕಳ್ಳ ತನ್ನ ವಿಳಾಸ ಬರೆಯಬಹುದು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ 'ಹುಳ' ಹಿಡಿದ ದಾರಿಗಳಲ್ಲಿ ಇದೂ ಒಂದು. 512 ಬೈಟಿನ ಜಾಗಕ್ಕೆ ಅದಕ್ಕಿಂತ ಹೆಚ್ಚು ತುಂಬಿತು. ಸುಮಾರು 6,000 ಯಂತ್ರಗಳಿಗೆ ಹುಳ ಹೊಕ್ಕಿತೆಂದು ಅಂದಾಜು. 2011ರಲ್ಲಿ ಗೆಟ್ಸನ್ನು ಸಿ ಭಾಷೆಯ ನಿಯಮದಿಂದಲೇ ತೆಗೆದುಹಾಕಿದರು.

ನಾನು ಬಳಸಿದ್ದು ಎಫ್‌ಗೆಟ್ಸ್. 20 ಮನೆ ಅಂತ ಹೇಳಿದರೆ 19 ಬೈಟ್ ಮಾತ್ರ ಓದಿ, ಕೊನೆಯ ಮನೆಯಲ್ಲಿ ಮುಕ್ತಾಯದ ಸೊನ್ನೆ ಇಡುತ್ತದೆ. ಇನ್ನೇನು ಭಯ ಅಂದುಕೊಂಡೆ. ಆದರೆ ಹಿರಿಯರ ಹೆಸರಿನ ಅಳತೆಯದೇ ಆದ 'ವೆಂಕಟೇಶ' ಎಂಬ ಹೆಸರು ತಗೊಳ್ಳಿ. ನಮಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಎತ್ವ, ಸೊನ್ನೆ, ಏತ್ವ ಬೇರೆ ಬೇರೆ, ಒಟ್ಟು ಏಳು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದಕ್ಕೂ 3 ಬೈಟ್, ಅಂದರೆ 21. 'ವೆಂಕಟೇ' ತನಕ 18 ಆಯ್ತು, 'ಶ' ನಡುವೆಯೇ ತುಂಡಾಯ್ತು.

ಉಳಿದ ಚೂರು ಎಲ್ಲಿ ಹೋಯ್ತು? ಎಲ್ಲಿಗೂ ಹೋಗಲ್ಲ, ಬಾಗಿಲಲ್ಲೇ ಕಾಯುತ್ತದೆ. ಹಣ ಎಷ್ಟು ಅಂತ ಓದುವಾಗ ಮೊದಲು ಬಂದದ್ದು ಆ ಚೂರೇ. ಅದರಲ್ಲಿ ಅಂಕಿ ಇಲ್ಲ, ಹಾಗಾಗಿ ಎಟಾಯ್ ಎಂಬ ಫಂಕ್ಷನ್ ಸೊನ್ನೆ ಕೊಟ್ಟಿತು. ನಿಜವಾದ 50 ಮುಂದಿನ ಹೆಸರಿನ ಜಾಗಕ್ಕೆ ಸರಿಯಿತು. ಅವರದೇ ಕೊನೆಯ ಹೆಸರಾದ್ದರಿಂದ ಆ ಒಂಟಿ ಸಾಲನ್ನು ನಾನು ಕಸವೆಂದು ಹೊಡೆದುಹಾಕಿದ್ದೆ!

ಈಗ ಮೂರು ಕೆಲಸ ಮಾಡಿದ್ದೇನೆ. ಹೆಸರಿಗೆ 200 ಮನೆ ಕೊಟ್ಟೆ. ಓದಿದ್ದರ ಕೊನೆಯಲ್ಲಿ ಎಂಟರ್ ಗುರುತು ಇದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಸಾಲು ಪೂರ್ತಿ ಬಂದಿಲ್ಲ, ಉಳಿದದ್ದನ್ನು ಎಂಟರ್ ತನಕ ಓದಿ ಚೆಲ್ಲಿ ಮತ್ತೆ ಬರೆಯಿರಿ ಅನ್ನುತ್ತೇನೆ. ಹಣಕ್ಕೆ ಎಟಾಯ್ ಬದಲು ಸ್ಟ್ರ್‌ಟಾಲ್. ಬಂದದ್ದು ನಿಜವಾದ ಸೊನ್ನೆಯೋ, ಅಂಕಿಯೇ ಇಲ್ಲವೋ ಅಂತ ಅದರಿಂದ ತಿಳಿಯಬಹುದು.

ಪಕ್ಕದ ಮನೆಗೆ ನುಗ್ಗದಿದ್ದರೆ ಸಾಲದು, ಬಂದವರು ಪೂರ್ತಿ ಒಳಗೆ ಬಂದರೇ ಅಂತಲೂ ನೋಡಬೇಕು. ಹೊಸ ಪಟ್ಟಿ ಹಚ್ಚಿದ್ದೇನೆ. ಹಿರಿಯರ ಹೆಸರು ಪೂರ್ತಿ ಇದೆ, ಮುಂದೆ 50 ಇದೆ. ನೀವೂ ಒಮ್ಮೆ ನಿಮ್ಮ ನಿಮ್ಮ ಹೆಸರು ನೋಡಿಕೊಳ್ಳಿ.