ಸೌದೆ ಒಡೆದ ತೋಳಿನ ಸರ್ವ್

ಪಿರಿಯಾಪಟ್ಟಣ, ಹುಣಸೂರು ಕಡೆಯ ಹಳ್ಳಿಗಳಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇದ್ದಲ್ಲಿ ಸೌದೆಯ ಒಟ್ಟಿಲೂ ಇರುತ್ತದೆ. ಅಲ್ಲಿ ಸೌದೆ ಸೀಳುವವರನ್ನು ಒಮ್ಮೆ ನಿಂತು ನೋಡಿ. ಹೊಸಬ ಬರೀ ತೋಳಿನಿಂದ ಹೊಡೆಯುತ್ತಾನೆ. ಹತ್ತು ಏಟಿಗೆ ಸುಸ್ತಾಗಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಳ್ಳುತ್ತಾನೆ. ಪಳಗಿದವನು ಕಾಲು ಅಗಲಿಸಿ ನಿಲ್ಲುತ್ತಾನೆ. ಹಿಮ್ಮಡಿ ಎತ್ತಿ, ಕೊಡಲಿಯನ್ನು ನೆತ್ತಿಯ ಹಿಂದಕ್ಕೆ ಒಯ್ದು, ಸೊಂಟ ಬಾಗಿಸುತ್ತ ಇಳಿಸುತ್ತಾನೆ. ತೋಳು ಕೆಲಸ ಮಾಡುವುದು ಕೊಟ್ಟಕೊನೆಗೆ. ಗಂಟುಗಂಟಾದ ಕೊರಡೂ ಎರಡು ಹೋಳು.

ಇಲ್ಲಿಂದ ಬೈಲಕುಪ್ಪೆ, ಕುಶಾಲನಗರ ದಾಟಿ ಬೆಟ್ಟದ ಕಡೆ ಹೊರಳಿದರೆ ಕೊಡಗಿನ ಮಾದಾಪುರ. ಅಲ್ಲಿನ ಕಾಫಿ ತೋಟದ ಮನೆಯೊಂದರ ಹುಡುಗ ಹೀಗೇ ಸೌದೆ ಒಡೆಯುತ್ತಿದ್ದ. ಒಲೆಗೆ ಬೇಕು ಅಂತಲ್ಲ, ತನ್ನ ಸರ್ವ್ ಗಟ್ಟಿಯಾಗಲಿ ಅಂತ. ಅವನೇ ರೋಹನ್ ಬೋಪಣ್ಣ. 2025ರ ನವೆಂಬರ್ 1ರಂದು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳುವಾಗ ಅವರು ನೆನೆದದ್ದು ಈ ಸೌದೆಯನ್ನು, ಕಾಫಿ ತೋಟದ ನಡುವೆ ಓಡಿದ ದಾರಿಯನ್ನು, ಬಿರುಕು ಬಿಟ್ಟ ಅಂಕಣಗಳನ್ನು. ಹಗ್ಗ ಹತ್ತುವುದೂ ಅವರ ತಂದೆ ಹಾಕಿಕೊಟ್ಟ ಅಭ್ಯಾಸದಲ್ಲಿತ್ತು. ಜಿಮ್ ಇಲ್ಲದ ಊರಿನ ಅಪ್ಪನೊಬ್ಬ ಕೈಗೆ ಸಿಕ್ಕಿದ್ದನ್ನು ಬಳಸಿದ ಅಂದುಕೊಂಡು ಮುಂದೆ ಹೋಗಬಹುದು. ಆದರೆ ಆ ಅಭ್ಯಾಸ ಬರೀ ಕೊರತೆಯ ಬದಲಿಯಲ್ಲ. ಅದರ ಹಿಂದೆ ಗಟ್ಟಿ ವಿಜ್ಞಾನವೇ ಇದೆ ಎಂಬುದು ನನ್ನ ವಾದ.

ಮೊದಲು ಸರ್ವ್, ಅಂದರೆ ಆಟ ಶುರು ಮಾಡುವ ಹೊಡೆತ, ಎಂಥದ್ದೆಂದು ನೋಡೋಣ. ಟೆನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ, ದೊಡ್ಡ ಕೋಳಿಮೊಟ್ಟೆಯಷ್ಟು. ಮೇಲೆ ಚಿಮ್ಮಿದ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಂತಾಗುತ್ತದೆ. ಆಗ ಬೀಳುವ ಏಟಿಗೆ ಅದು ಗಂಟೆಗೆ 200 ಕಿಲೋಮೀಟರ್, ಅಂದರೆ ಸೆಕೆಂಡಿಗೆ 55 ಮೀಟರ್ ವೇಗ ಪಡೆಯಬೇಕು. ರ‍್ಯಾಕೆಟ್ಟಿನ ತಂತಿಗೆ ಚೆಂಡು ಅಂಟಿಕೊಂಡಿರುವುದು ಸೆಕೆಂಡಿನ ಇನ್ನೂರನೇ ಒಂದು ಭಾಗ ಮಾತ್ರ. ಲೆಕ್ಕ ಹಾಕಿದರೆ ಆ ಹೊತ್ತಿನಲ್ಲಿ ಚೆಂಡಿನ ಮೇಲೆ ಸರಾಸರಿ 60 ಕಿಲೋಗೂ ಹೆಚ್ಚು ಭಾರ ಬಿದ್ದಂತಾಯಿತು. ಒಂದು ಮೂಟೆ ಭತ್ತವನ್ನು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮೊಟ್ಟೆಯ ಮೇಲೆ ಇಳಿಸಿ ಎತ್ತಿಕೊಂಡ ಹಾಗೆ.

ಇಷ್ಟು ಬಲ ತೋಳೊಂದರಿಂದ ಬರುವುದಿಲ್ಲ. ಅಂಥ ಸರ್ವ್‌ನ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕಾಲು, ಸೊಂಟ, ಮುಂಡದಿಂದ ಬರುತ್ತದೆ ಎಂದು ಅಮೆರಿಕದ ಕ್ರೀಡಾವೈದ್ಯ ಬೆನ್ ಕಿಬ್ಲರ್ ಲೆಕ್ಕ ಹಾಕಿದ್ದಾರೆ. ಆಟಗಾರ ಮಂಡಿ ಬಗ್ಗಿಸಿ ನೆಲವನ್ನು ಒದೆಯುತ್ತಾನೆ. ನೆಲ ಅಷ್ಟೇ ಬಲದಿಂದ ಅವನನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳು ತೊಡೆಯಿಂದ ಸೊಂಟಕ್ಕೆ, ಸೊಂಟದ ತಿರುವಿನಿಂದ ಎದೆಗೆ, ಎದೆಯಿಂದ ಭುಜಕ್ಕೆ, ಅಲ್ಲಿಂದ ಮೊಣಕೈಗೆ, ಮಣಿಕಟ್ಟಿಗೆ ಏರುತ್ತ ಹೋಗುತ್ತದೆ. ಒಂದೊಂದು ಭಾಗವೂ ತನ್ನ ಓಟ ಮುಗಿಸಿ ನಿಲ್ಲುವಾಗ ಮುಂದಿನ ಭಾಗ ಜೋರಾಗುತ್ತದೆ. ಚಾಟಿ ಬೀಸುವಾಗ ಕೈ ನಿಂತರೂ ತುದಿ ಚಟೀರೆನ್ನುವುದು ಇದೇ ಕಾರಣಕ್ಕೆ. ಭಾರವಾದ ಬುಡದ ವೇಗ ಹಗುರ ತುದಿಗೆ ಸಾಗುತ್ತ ಹೆಚ್ಚುತ್ತದೆ. ಸರ್ವ್‌ನ ಕೊನೆಯ ಕ್ಷಣದಲ್ಲಿ ಮೇಲ್ತೋಳು ಭುಜದ ಗುಳಿಯಲ್ಲಿ ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ 2000 ಡಿಗ್ರಿಯನ್ನೂ ಮೀರುತ್ತದೆ. ಆ ವೇಗವೇ ಮುಂದುವರಿದರೆ ತೋಳು ಸೆಕೆಂಡಿನಲ್ಲಿ ಐದು ಸುತ್ತಿಗೂ ಹೆಚ್ಚು ತಿರುಗಬೇಕು!

ಕಾಲಿನಿಂದ ಮಣಿಕಟ್ಟಿನವರೆಗಿನ ಈ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಅದರ ಸಾಲ ಮುಂದಿನ ಕೊಂಡಿಯ ಮೇಲೆ ಬೀಳುತ್ತದೆ. ಸೊಂಟ ಮತ್ತು ಮುಂಡದಿಂದ ಬರುವ ಶಕ್ತಿ ಐದನೇ ಒಂದು ಪಾಲು ಕಡಿಮೆಯಾದರೆ ಅದೇ ವೇಗಕ್ಕಾಗಿ ಭುಜ ಮೂರನೇ ಒಂದು ಪಾಲು ಹೆಚ್ಚು ಜೋರಾಗಿ ತಿರುಗಬೇಕಾಗುತ್ತದೆ. ಎಷ್ಟೋ ಎಳೆಯ ಆಟಗಾರರ ಭುಜ ಕೆಡುವುದು ಭುಜದ ತಪ್ಪಿನಿಂದಲ್ಲ, ಕಾಲು ಸೋಮಾರಿಯಾದದ್ದರಿಂದ.

ಸೌದೆ ಒಡೆಯುವಾಗಲೂ ಬಲ ಸಾಗುವ ದಾರಿ ಇದೇ: ನೆಲ, ಕಾಲು, ಸೊಂಟ, ಬೆನ್ನು, ಭುಜ, ಕೊನೆಗೆ ಕೊಡಲಿಯ ಬಾಯಿ. ವ್ಯತ್ಯಾಸವಿಲ್ಲವೆಂದಲ್ಲ. ಕೊಡಲಿಯನ್ನು ಎರಡು ಕೈಯಲ್ಲಿ ಹಿಡಿಯುತ್ತೇವೆ, ಅದರ ಓಟ ನಿಧಾನ, ಭುಜದ ಆ ಒಳತಿರುವು ಅದರಲ್ಲಿಲ್ಲ. ಸರ್ವ್‌ನ ಕುಸುರಿಯನ್ನು ಕೊಡಲಿ ಕಲಿಸುವುದಿಲ್ಲ. ಅದು ಕಲಿಸುವುದು ಅನುಕ್ರಮವನ್ನು: ದೊಡ್ಡ ಸ್ನಾಯು ಮೊದಲು, ಸಣ್ಣದು ಆಮೇಲೆ. ಹಗ್ಗ ಹತ್ತಿದರೆ ಹಿಡಿತ, ಬೆನ್ನು, ಭುಜದ ಹಿಂಬದಿಯ ಸ್ನಾಯುಗಳು ಬಲಿಯುತ್ತವೆ. ಹೊಡೆದಾದ ಮೇಲೆ ಓಡುವ ತೋಳಿಗೆ ಬ್ರೇಕ್ ಹಾಕುವವು ಇವೇ. ಆ ಬ್ರೇಕ್ ಬಲವಾಗಿಲ್ಲದಿದ್ದರೆ ಯಾವ ಭುಜವೂ ಇಪ್ಪತ್ತು ವರ್ಷ ಬಾಳುವುದಿಲ್ಲ.

ಎತ್ತರದ ಲೆಕ್ಕವೂ ಇದೆ. ಆಟಗಾರ ಅಂಕಣದ ಹಿಂಬದಿಯ ಗೆರೆಯಿಂದ ಹೊಡೆದ ಚೆಂಡು 11.885 ಮೀಟರ್ ದೂರದ ಬಲೆಯನ್ನು ದಾಟಿ, ಬಲೆಯಾಚೆ 6.40 ಮೀಟರ್ ಒಳಗೆ ಬೀಳಬೇಕು. ಬಲೆಯ ನಡುವಿನ ಎತ್ತರ 91.4 ಸೆಂಟಿಮೀಟರ್. ಗುರುತ್ವವನ್ನು ಸ್ವಲ್ಪ ಹೊತ್ತು ಮರೆತು, ಚೆಂಡು ಎಳೆದ ದಾರದಂತೆ ನೇರವಾಗಿ ಹೋಗುತ್ತದೆ ಎಂದುಕೊಳ್ಳಿ. ಹೊಡೆಯುವ ಬಿಂದು 2.61 ಮೀಟರಿಗಿಂತ ಕೆಳಗಿದ್ದರೆ ಅಂಥ ನೇರ ದಾರಿಯೇ ಇಲ್ಲ. 2.80 ಮೀಟರಿನಿಂದ ಹೊಡೆದರೆ ಚೆಂಡು ಬೀಳಲು ಸಿಗುವ ಜಾಗದ ಉದ್ದ ಸುಮಾರು 64 ಸೆಂಟಿಮೀಟರ್. ಇನ್ನು 20 ಸೆಂಟಿಮೀಟರ್ ಏರಿ 3 ಮೀಟರಿನಿಂದ ಹೊಡೆದರೆ ಅದು 119 ಸೆಂಟಿಮೀಟರ್, ಹೆಚ್ಚುಕಡಿಮೆ ಇಮ್ಮಡಿ. ಬೋಪಣ್ಣನವರ ಎತ್ತರ 1.93 ಮೀಟರ್. ಅದರ ಮೇಲೆ ಚಾಚಿದ ತೋಳು, ರ‍್ಯಾಕೆಟ್, ನೆಲ ಬಿಟ್ಟ ಜಿಗಿತ. ಗುರುತ್ವ ಮತ್ತು ಚೆಂಡಿನ ಸುತ್ತು ಸೇರಿ ದಾರಿಯನ್ನು ಕೆಳಕ್ಕೆ ಬಾಗಿಸುವುದರಿಂದ ಕುಳ್ಳಗಿರುವವರಿಗೂ ಬಾಗಿಲು ತೆರೆದಿದೆ. ಆದರೆ ಎತ್ತರದವರಿಗೆ ಅದು ಅಗಲವಾಗಿಯೇ ತೆರೆದಿರುತ್ತದೆ.

ಆಚೆ ಬದಿಯಲ್ಲಿ ನಿಂತವನ ಪಾಡು ಏನು? ಗಾಳಿಯ ತಡೆಯಿಂದ ಚೆಂಡು ನೆಲ ಮುಟ್ಟುವಷ್ಟರಲ್ಲಿ ತನ್ನ ವೇಗದ ಐದನೇ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಆದರೂ ಎದುರಾಳಿಗೆ ಸಿಗುವುದು ಅರ್ಧ ಸೆಕೆಂಡು ಚಿಲ್ಲರೆ. ಕಣ್ಣು ಕಂಡು, ಮಿದುಳು ತಿಳಿದು, ಸ್ನಾಯು ಕದಲಲು ಅದರಲ್ಲಿ 0.2 ಸೆಕೆಂಡು ಹೋಯಿತು. ಹಾಗಾಗಿ ಒಳ್ಳೆಯ ಆಟಗಾರ ಚೆಂಡನ್ನು ನೋಡಿ ಓಡುವುದಿಲ್ಲ. ಎಸೆದ ಚೆಂಡಿನ ಜಾಗ, ಭುಜದ ವಾಲು, ರ‍್ಯಾಕೆಟ್ಟಿನ ಬಾಯಿ ಎತ್ತ ಇದೆ ಎಂಬುದನ್ನು ಓದಿ ಏಟು ಬೀಳುವ ಮೊದಲೇ ಅರ್ಧ ತೀರ್ಮಾನ ಮಾಡಿರುತ್ತಾನೆ. ಸಾವಿರಾರು ಸರ್ವ್ ನೋಡಿದ ಮಿದುಳಿಗೆ ಮಾತ್ರ ಈ ಓದು ಬರುತ್ತದೆ. ನಮ್ಮೂರ ಚಿನ್ನಿದಾಂಡಿನಲ್ಲಿ ಚಿನ್ನಿ ಎತ್ತ ಹಾರುತ್ತದೆಂದು ದಾಂಡಿನ ವಾಲಿನಲ್ಲೇ ಹೇಳುವ ಹುಡುಗರಿರುತ್ತಾರಲ್ಲ, ಅದೇ ವಿದ್ಯೆ.

ಯಾವ ವಯಸ್ಸಿಗೆ ಶುರು ಮಾಡಬೇಕು? ತಾಯಿತಂದೆಯರ ಮೊದಲ ಪ್ರಶ್ನೆ ಇದು. ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ರ‍್ಯಾಕೆಟ್ ಹಿಡಿದದ್ದು 11ನೇ ವಯಸ್ಸಿಗೆ. ಇಂದಿನ ಅಕಾಡೆಮಿಗಳ ಲೆಕ್ಕದಲ್ಲಿ ತೀರ ತಡ. ಹಾಕಿ, ಫುಟ್‌ಬಾಲ್ ಕೂಡ ಅವರ ಪ್ರೀತಿಯ ಆಟಗಳಾಗಿದ್ದವು. ಟೆನಿಸ್ಸೇ ಮೊದಲು ಎಂದಾದದ್ದು 19ರ ಹೊತ್ತಿಗೆ. ಇದರ ನಡುವೆ 14ನೇ ವಯಸ್ಸಿಗೆ ಮನೆ ಬಿಟ್ಟು ಪುಣೆಯ ನಂದನ್ ಬಾಲ್ ಅವರ ಅಕಾಡೆಮಿಗೆ ಹೋದರು. ಕೊಡಗಿನ ತೋಟದಿಂದ ಪುಣೆ ಎಷ್ಟು ದೂರ ಎನ್ನುವುದನ್ನು ಹದಿನಾಲ್ಕರ ಮಗನನ್ನು ಬಸ್ಸು ಹತ್ತಿಸಿದವರೇ ಹೇಳಬೇಕು.

ಫಿನ್ಲೆಂಡಿನ ಪೆಕ್ಕ ಕನ್ನುಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ಅವರು ಟೆನಿಸ್, ಸ್ಕ್ವಾಷ್ ಆಡುವ ಹೆಣ್ಣುಮಕ್ಕಳ ಎರಡೂ ತೋಳುಗಳ ಎಲುಬನ್ನು ಅಳೆದರು. ಆಡುವ ಕೈಯ ಎಲುಬು ಇನ್ನೊಂದಕ್ಕಿಂತ ಗಟ್ಟಿಯಾಗಿತ್ತು. ಮೈನೆರೆಯುವ ಮೊದಲು ಅಥವಾ ಆ ಹೊತ್ತಿಗೆ ಆಟ ಶುರು ಮಾಡಿದವರಲ್ಲಿ ಈ ಲಾಭ, ಬಹಳ ತಡವಾಗಿ ಶುರು ಮಾಡಿದವರ ಲಾಭಕ್ಕಿಂತ ಸುಮಾರು ಎರಡು ಪಟ್ಟು. ಬೆಳೆಯುವ ಎಲುಬು ತನ್ನ ಮೇಲೆ ಬಿದ್ದ ಭಾರವನ್ನು ನೆನಪಿಟ್ಟು ಕಟ್ಟಿಕೊಳ್ಳುತ್ತದೆ. ಹಾಗೆಂದು ಆರರ ಮಗುವಿನಿಂದ ದಿನಕ್ಕೆ ಇನ್ನೂರು ಸರ್ವ್ ಹೊಡೆಸುವುದು ಅಪರಾಧವೇ ಸರಿ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಗಳಲ್ಲಿ ಮೃದುವಾದ ಪಟ್ಟಿಯೊಂದು ಇರುತ್ತದೆ. ಒಂದೇ ಚಲನೆ ಸಾವಿರ ಸಲ ಎಳೆದರೆ ಮೊದಲು ನೋಯುವುದು ಅದೇ. ಬಗೆಬಗೆಯ ಆಟ ಆಡಿದ ಮೈಯಲ್ಲಿ ಎಳೆತ ಹಂಚಿಹೋಗುತ್ತದೆ.

ಅಂಕಣದ ಹೊರಗಿನ ಲೆಕ್ಕ ಇನ್ನೂ ಕಠಿಣ. ವೃತ್ತಿಪರ ಟೆನಿಸ್ಸಿನ ರ‍್ಯಾಂಕಿಂಗ್ ಕಳೆದ 52 ವಾರಗಳ ಅಂಕಗಳ ಮೊತ್ತ. ಇವತ್ತು ಗಳಿಸಿದ್ದು ವರ್ಷದ ಹೊತ್ತಿಗೆ ಉದುರಿಹೋಗುತ್ತದೆ, ಮತ್ತೆ ಗಳಿಸಬೇಕು. ಗ್ರ್ಯಾನ್‌ಸ್ಲಾಮ್ ಗೆದ್ದವರಿಗೆ 2000 ಅಂಕ. ಮೈಸೂರು ಟೆನಿಸ್ ಕ್ಲಬ್ಬಿನಲ್ಲಿ 2023ರಲ್ಲಿ ನಡೆದಂಥ ಏಣಿಯ ಕೆಳಮೆಟ್ಟಿಲಿನ ಟೂರ್ನಿ ಗೆದ್ದರೆ ಸಿಗುವುದು ಅದರ ಒಂದು ಚೂರು. ಮೈಸೂರಿನ ಪ್ರಜ್ವಲ್ ದೇವ್ ಅವರಂಥವರು ಏರುತ್ತಿರುವುದು ಇದೇ ಮೆಟ್ಟಿಲುಗಳನ್ನು. ಬೋಪಣ್ಣ 2003ರಲ್ಲಿ ವೃತ್ತಿಪರರಾದರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ಸ್ಥಾನ 213. ಅದು 2007ರ ಮಾತು. ಅಲ್ಲಿಂದ ಡಬಲ್ಸ್‌ಗೆ ಹೊರಳಿದ್ದನ್ನು ನಾನು ಸೋಲೆಂದು ಕಾಣುವುದಿಲ್ಲ. ದೊಡ್ಡ ಸರ್ವ್ ಇರುವ, ಓಟ ಕಡಿಮೆ ಇರುವ ಮೈಗೆ ಅರ್ಧ ಅಂಕಣ ಸಾಕು. ತನ್ನ ಮೈಯನ್ನು ಸರಿಯಾಗಿ ಓದಿದವನ ತೀರ್ಮಾನ ಅದು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ಆಡಿದರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ದಾಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು.

ಅಷ್ಟರಲ್ಲಿ ಮಂಡಿ ಸವೆದಿತ್ತು. ತೊಡೆಯ ಮತ್ತು ಮುಂಗಾಲಿನ ಎಲುಬುಗಳ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಸ್ಪಂಜಿನಂತೆ ಹಿಂಡಿಕೊಂಡು, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಂಡು ಅದು ಬದುಕುತ್ತದೆ. ರಕ್ತ ಹರಿಯದ ಕಾರಣ ಒಮ್ಮೆ ಹರಿದರೆ ಚರ್ಮದಂತೆ ಮತ್ತೆ ಕೂಡಿಕೊಳ್ಳುವುದಿಲ್ಲ. ತಮ್ಮ ಮಂಡಿಗಳಲ್ಲಿ ಮೃದ್ವಸ್ಥಿ ಉಳಿದೇ ಇಲ್ಲ ಎಂದು ಬೋಪಣ್ಣ ಬಹಿರಂಗವಾಗಿ ಹೇಳಿದ್ದಾರೆ. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಆಡಿದ ದಿನಗಳಿದ್ದವು. ಕೋವಿಡ್ ಕಾಲದಲ್ಲಿ ಅಂಕಣಗಳು ಮುಚ್ಚಿದಾಗ ಅವರು ಅಯ್ಯಂಗಾರ್ ಯೋಗಕ್ಕೆ ಹೋದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, 1934ರಲ್ಲಿ ಮೈಸೂರಿಗೆ ಬಂದು ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ ಅದು. ಹಗ್ಗ, ಕುರ್ಚಿ, ಪಟ್ಟಿಗಳ ಆಸರೆಯಲ್ಲಿ ಒಂದೊಂದು ಭಂಗಿಯನ್ನು ನಿಧಾನವಾಗಿ ಹಿಡಿದು ನಿಲ್ಲುವುದು ಅದರ ಬಗೆ.

ಯೋಗ ಮೃದ್ವಸ್ಥಿಯನ್ನು ಮತ್ತೆ ಬೆಳೆಸಲಿಲ್ಲ, ಬೆಳೆಸುವುದೂ ಇಲ್ಲ. ಅಂಥ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಆದರೆ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಬಲಿತು ಸರಿಯಾದ ಗೆರೆಯಲ್ಲಿ ನಿಂತರೆ, ಕಾಲೂರಿದಾಗಿನ ಹೊಡೆತವನ್ನು ಅವು ತಮ್ಮ ಮೇಲೆ ತೆಗೆದುಕೊಳ್ಳುತ್ತವೆ. ಕೀಲಿನ ಮೇಲೆ ಬೀಳುವ ಪಾಲು ಹಂಚಿಹೋಗುತ್ತದೆ. ಗಾಡಿಯ ಕೀಲು ಸವೆದರೂ ಹೊರೆಯನ್ನು ಸರಿಯಾಗಿ ಹೇರಿದರೆ ಎತ್ತು ಎಳೆಯುತ್ತದೆ.

ಆ ಮಂಡಿಗಳಲ್ಲೇ ಅವರು 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಇಂಡಿಯನ್ ವೆಲ್ಸ್ ಗೆದ್ದರು, ಅಮೆರಿಕನ್ ಓಪನ್ ಫೈನಲ್ ತಲುಪಿದರು. 2024ರ ಜನವರಿ 27ರಂದು ಮೆಲ್ಬರ್ನ್‌ನ ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿ ಇಟಲಿಯ ಬೊಲೆಲ್ಲಿ, ವವಾಸ್ಸೋರಿ ಜೋಡಿಯನ್ನು 7-6, 7-5ರಿಂದ ಮಣಿಸಿದರು. ಪುರುಷರ ಡಬಲ್ಸ್‌ನಲ್ಲಿ ಅವರ ಮೊದಲ ಗ್ರ್ಯಾನ್‌ಸ್ಲಾಮ್ ಅದು, 43ನೇ ವಯಸ್ಸಿಗೆ. ಎರಡು ದಿನದ ನಂತರ ಹೊರಬಿದ್ದ ಪಟ್ಟಿಯಲ್ಲಿ ಜಗತ್ತಿನ ನಂಬರ್ ಒನ್. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಏರಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಶಾಲೆಗಳ ದೈಹಿಕ ಶಿಕ್ಷಣದ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಮಕ್ಕಳ ಕೈಗೆ ಕೊಡಲಿ ಕೊಡಬೇಡಿ, ಅದು ಬೇಡ. ಆಲದ ಕೊಂಬೆಗೆ ಒಂದು ಗಟ್ಟಿ ಹಗ್ಗ ಕಟ್ಟಿಸಿ. ಲಗೋರಿ, ಕಬಡ್ಡಿ, ಚಿನ್ನಿದಾಂಡು ಎಲ್ಲವೂ ನಡೆಯಲಿ. ಶಾಲೆಯ ಹಿಂಗೋಡೆಯ ಮೇಲೆ ನೆಲದಿಂದ 91 ಸೆಂಟಿಮೀಟರ್ ಎತ್ತರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಒಂದು ಹಳೆಯ ರ‍್ಯಾಕೆಟ್ ಮತ್ತು ನಾಲ್ಕು ಚೆಂಡನ್ನು ಅಲ್ಲಿಡಿ. ಯಾರು ಸಂಜೆ ಮನೆಗೆ ಹೋಗುವುದನ್ನು ಮರೆಯುತ್ತಾರೋ ಆ ಮಗುವಿನ ಕಾಲನ್ನು ಗಮನಿಸಿ, ಕೈಯನ್ನಲ್ಲ.