ಬೀರುವಿನ ಬೀಗದ ಕೈ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ಜಿಲ್ಲಾವಾರು ಪಟ್ಟಿಯನ್ನು ನೋಡುವವರಿಗೆ ಒಂದು ಗೊಂದಲ ತಪ್ಪಿದ್ದಲ್ಲ. ಚಿಕ್ಕೋಡಿ, ಶಿರಸಿ, ಮಧುಗಿರಿ ಎಂಬ ಹೆಸರುಗಳು ಅಲ್ಲಿ ಜಿಲ್ಲೆಗಳಾಗಿ ಕಾಣಿಸಿಕೊಳ್ಳುತ್ತವೆ. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅವು 35. ತುಮಕೂರು ಜಿಲ್ಲೆಯ 10 ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಶಾಲೆಗಳ ಉಸ್ತುವಾರಿ ನೋಡುವ ಉಪನಿರ್ದೇಶಕರ ಕಚೇರಿಯೂ, ಶಿಕ್ಷಕರಿಗೆ ತರಬೇತಿ ನೀಡುವ ‘ಡಯಟ್’ ಸಂಸ್ಥೆಯೂ ಮಧುಗಿರಿಯಲ್ಲೇ ಇವೆ.

ಆದರೆ ಈ ಗೆರೆ ಗ್ರಂಥಾಲಯಗಳಿಗೆ ಅನ್ವಯಿಸುವುದಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ದೃಷ್ಟಿಯಲ್ಲಿ ಜಿಲ್ಲೆ ಎಂದರೆ ತುಮಕೂರೇ. ಜಿಲ್ಲಾ ಕೇಂದ್ರ ಗ್ರಂಥಾಲಯ ಇರುವುದೂ ಅಲ್ಲಿಯೇ. ಹಳ್ಳಿಗಳ ಗ್ರಂಥಾಲಯಗಳ ಕಥೆ ಮತ್ತೂ ಬೇರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಹೀಗಾಗಿ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲೆಯ ಬೀರುವಿನಲ್ಲಿರುವ ಪುಸ್ತಕ ಒಂದು ಇಲಾಖೆಯದು, ಅದೇ ಬೀದಿಯ ಪಂಚಾಯಿತಿ ಗ್ರಂಥಾಲಯದಲ್ಲಿರುವುದು ಇನ್ನೊಂದು ಇಲಾಖೆಯದು, ತಾಲ್ಲೂಕು ಕೇಂದ್ರದ ವಾಚನಾಲಯದ್ದು ಮೂರನೆಯವರದು. ಓದಬೇಕಾದ ಹುಡುಗಿ ಮಾತ್ರ ಒಬ್ಬಳೇ.

ಇರುವುದನ್ನು ಹಂಚಿಕೊಳ್ಳುವುದು ನಮ್ಮವರಿಗೆ ಹೊಸ ವಿಚಾರವೇನಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನ ಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ದಾನ ಮಾಡಿದಳೆಂಬುದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಕೆಲಸವೆಂದು ಊಹಿಸಿಕೊಳ್ಳಬಹುದು. ಆದರೆ ದಾನಕ್ಕೂ ಎರವಲಿಗೂ ವ್ಯತ್ಯಾಸವಿದೆ. ದಾನ ಕೊಟ್ಟವರು ಲೆಕ್ಕ ಇಡಬೇಕಾಗಿಲ್ಲ. ಎರವಲು ಕೊಟ್ಟವರು ಇಡಲೇಬೇಕು, ಮತ್ತು ತೊಡಕು ಆರಂಭವಾಗುವುದೇ ಅಲ್ಲಿಂದ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಕಾಪಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬ ಭಾವದ್ದು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಶುರುವಾಯಿತು. ಯೂರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರ್ಫರ್ಡ್ ಚರ್ಚಿನಲ್ಲಿ ಅಂಥದೊಂದು ಗ್ರಂಥಾಲಯ ಇಂದಿಗೂ ಉಳಿದಿದೆ. ನಮ್ಮ ಶಾಲೆಗಳಲ್ಲಿ ಸರಪಳಿ ಇಲ್ಲ. ಗಾಡ್ರೆಜ್ ಬೀರುವಿದೆ, ಅದರ ಬೀಗದ ಕೈ ಮುಖ್ಯ ಶಿಕ್ಷಕರ ಮೇಜಿನ ಡ್ರಾಯರಿನಲ್ಲಿದೆ.

ಇದಕ್ಕೆ ಮುಖ್ಯ ಶಿಕ್ಷಕರನ್ನು ದೂರಿದರೆ ಅನ್ಯಾಯವಾದೀತು. ಶಾಲೆಗೆ ಬಂದ ಪ್ರತಿಯೊಂದು ಪುಸ್ತಕವೂ ದಾಸ್ತಾನು ವಹಿಯಲ್ಲಿ ನಮೂದಾಗುತ್ತದೆ. ವರ್ಗಾವಣೆಯಾಗಿ ಹೋಗುವಾಗ ಆ ವಹಿಯ ಪ್ರಕಾರ ಎಲ್ಲವನ್ನೂ ಮುಂದಿನವರಿಗೆ ಒಪ್ಪಿಸಬೇಕು. ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವರು ಅವರೇ. ಮಕ್ಕಳು ಎಷ್ಟು ಪುಸ್ತಕ ಓದಿದರೆಂದು ಕೇಳುವುದಕ್ಕಿಂತ ಎಷ್ಟು ಪುಸ್ತಕ ಉಳಿದಿವೆ ಎಂದು ಎಣಿಸುವುದು ತನಿಖೆಗೆ ಬಂದವರಿಗೆ ಸುಲಭ. ತಮ್ಮ ಶಾಲೆಯ ಮಕ್ಕಳಿಗೇ ಕೊಡಲು ಅಂಜುವವರು ಪಕ್ಕದ ಊರಿನ ಶಾಲೆಗೆ ಪುಸ್ತಕ ಕಳಿಸಿಯಾರೆ?

ವಿಚಿತ್ರವೆಂದರೆ, ಪುಸ್ತಕ ಕಳೆಯುವುದು ಸಹಜವೆಂದು ಸರ್ಕಾರವೇ ಒಪ್ಪಿಕೊಂಡಿದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ ಪ್ರಕಾರ, ಒಂದು ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ 5 ಪುಸ್ತಕ ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು ಅಷ್ಟೆ. ಸಾವಿರ ರೂಪಾಯಿ ಮೀರಿದ ಬೆಲೆಯವು ಮತ್ತು ಅಪರೂಪದವು ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಈ ನಿಯಮ ಕೇಂದ್ರದ ಕಚೇರಿ ಮತ್ತು ಸಂಸ್ಥೆಗಳಿಗೆ ಮಾಡಿದ್ದು. ಕೊರಟಗೆರೆಯ ಹಿರಿಯ ಪ್ರಾಥಮಿಕ ಶಾಲೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಆದರೆ ಅದರ ಹಿಂದಿನ ವಿವೇಕವನ್ನು ಗಮನಿಸಬೇಕು. ನಷ್ಟದ ಲೆಕ್ಕ ಹಾಕಿರುವುದು ಬೀರುವಿನಲ್ಲಿದ್ದ ಪುಸ್ತಕಗಳ ಮೇಲಲ್ಲ, ಹೊರಗೆ ಹೋದ ಪುಸ್ತಕಗಳ ಮೇಲೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ರಿಯಾಯಿತಿ; ಒಂದನ್ನೂ ಕೊಡದವರಿಗೆ ಒಂದು ಪುಸ್ತಕದ ವಿನಾಯಿತಿಯೂ ಇಲ್ಲ.

ಶಾಲೆಗಳು ತಮ್ಮ ತಮ್ಮಲ್ಲಿ ಹಂಚಿಕೊಳ್ಳಬೇಕೆಂಬ ಮಾತು ಅಧಿಕೃತವಾಗಿ ಕೇಳಿಬಂದು ಅರವತ್ತು ವರ್ಷಗಳಾಗುತ್ತ ಬಂದವು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಒಂದು ಪ್ರೌಢಶಾಲೆಯ ಸುತ್ತಲಿನ ಪ್ರಾಥಮಿಕ ಶಾಲೆಗಳನ್ನು ಅದರೊಂದಿಗೆ ಜೋಡಿಸಿ ‘ಶಾಲಾ ಸಂಕೀರ್ಣ’ ಮಾಡಬೇಕೆಂದು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಮತ್ತೆ ಎತ್ತಿ ಹೇಳಿತು. ನಡುವಿನಲ್ಲಿ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ತಾಲ್ಲೂಕು ಮಟ್ಟಕ್ಕೆ ಬಿ.ಆರ್.ಸಿ., ಕೆಲವು ಶಾಲೆಗಳ ಗುಂಪಿಗೊಂದು ಸಿ.ಆರ್.ಸಿ. ಬಂದವು. ಇವುಗಳ ಕನ್ನಡ ಹೆಸರಿನಲ್ಲೇ ‘ಸಂಪನ್ಮೂಲ ಕೇಂದ್ರ’ ಎಂದಿದೆ. ಸಂಪನ್ಮೂಲ ಎಂಬ ಪದಕ್ಕೆ ಅಲ್ಲಿ ಅಂಕಿಅಂಶ ಸಂಗ್ರಹ ಎಂಬ ಅರ್ಥವೇ ಹೆಚ್ಚು ರೂಢಿಯಾಗಿಬಿಟ್ಟಿತೆಂಬುದು ಬೇರೆ ಮಾತು.

ಶಿಕ್ಷಕರು ನಿಜವಾಗಿ ಹಂಚಿಕೊಂಡಾಗ ಏನಾಗುತ್ತದೆಂಬುದಕ್ಕೆ ‘ನಲಿ-ಕಲಿ’ ಸಾಕ್ಷಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿ ಕಣಿವೆಯ ಶಾಲೆಗಳಿಗೆ ಹೋಗಿ, ಅಲ್ಲಿನ ಕಲಿಕಾ ಕಾರ್ಡುಗಳನ್ನು ನೋಡಿ ಬಂದರು. ಅವನ್ನು ಹಾಗೆಯೇ ಅನುವಾದಿಸದೆ, ತಮ್ಮ ಕಾಡಂಚಿನ ಮಕ್ಕಳಿಗೆ ಒಗ್ಗುವಂತೆ ಹೊಸದಾಗಿ ಸಿದ್ಧಪಡಿಸಿದರು. 2009ರ ನಂತರ ಆ ಪದ್ಧತಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿತು. ಪಡೆದದ್ದನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯ ಅವರಿಗಿದ್ದುದೇ ಇಲ್ಲಿ ಮುಖ್ಯ.

ಆ ಸ್ವಾತಂತ್ರ್ಯಕ್ಕೆ ಈಗ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರಿದೆ. 2002ರಲ್ಲಿ ಯುನೆಸ್ಕೊ ಕರೆದ ಸಭೆಯೊಂದರಲ್ಲಿ ಹುಟ್ಟಿದ ಹೆಸರು ಇದು. ಪಾಠ, ಚಿತ್ರ, ಅಭ್ಯಾಸಪತ್ರಗಳನ್ನು ತಯಾರಿಸಿದವರು ಅವುಗಳನ್ನು ಯಾರು ಬೇಕಾದರೂ ಬಳಸಿ, ನಕಲು ಮಾಡಿ, ತಿದ್ದಿ, ಮತ್ತೆ ಹಂಚಬಹುದೆಂದು ಮೊದಲೇ ಬರಹದಲ್ಲಿ ಅನುಮತಿ ಕೊಟ್ಟಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆ ಬೋಧನೆಯ ಸಂದರ್ಭದಲ್ಲಿ ನಕಲು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆಯಾದರೂ, ಇನ್ನೊಬ್ಬರ ಪಾಠವನ್ನು ಬದಲಿಸಿ ಹತ್ತು ಶಾಲೆಗೆ ಹಂಚಲು ಇಂಥ ಅನುಮತಿ ಇದ್ದರೆ ನಿಶ್ಚಿಂತೆ. ಕರ್ನಾಟಕದಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ 2013ರಲ್ಲಿ ಆರಂಭಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ, ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಪಾಠಗಳನ್ನು ಬರೆಯುವಂತೆಯೂ ತಿದ್ದುವಂತೆಯೂ ಮಾಡಿತು. ಮೈಸೂರು ವಿಶ್ವವಿದ್ಯಾನಿಲಯವೂ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಇದೇ ಬಗೆಯ ಅನುಮತಿಯಡಿ ಬಿಡುಗಡೆ ಮಾಡಿತು.

ಎಲ್ಲವೂ ಸಲೀಸಾಗಿತ್ತೆಂದಲ್ಲ. ಅಕ್ಷರವಿನ್ಯಾಸದಂಥ ಸಣ್ಣ ವಿಷಯವೂ ಅಡ್ಡಬಂದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಾಠ, ಆ ಅಕ್ಷರಗಳಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲಾಗುತ್ತದೆ. ಯುನಿಕೋಡ್ ರೂಢಿಯಾಗುವವರೆಗೆ ಕನ್ನಡ ಶಿಕ್ಷಕರು ಒಬ್ಬರಿಗೊಬ್ಬರು ಕೊಟ್ಟದ್ದರಲ್ಲಿ ಎಷ್ಟೋ ಪಾಲು ಹೀಗೆ ಓದಲಾಗದೆ ಹೋಯಿತು.

ಪಾವಗಡಕ್ಕೆ ಇದೆಲ್ಲ ವಿಶೇಷವಾಗಿ ಸಂಬಂಧಿಸಿದ್ದು. ತಾಲ್ಲೂಕನ್ನು ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರಪ್ರದೇಶ ಸುತ್ತುವರಿದಿದೆ. ಜಿಲ್ಲಾ ಕೇಂದ್ರ ತುಮಕೂರು ನೂರು ಕಿಲೋಮೀಟರ್ ಆಸುಪಾಸು ದೂರ. ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯಲ್ಲಿ ಕಲಿಯುವುದು ಕನ್ನಡ. ಬೆಂಗಳೂರಿನಲ್ಲಿ ಕುಳಿತು ಬರೆದ ಒಂದನೇ ತರಗತಿಯ ಪಾಠ ಅಲ್ಲಿನ ಮಗುವಿಗೆ ಅರ್ಧ ಮಾತ್ರ ದಕ್ಕುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಸಂಗ್ರಹದಲ್ಲಿ ಒಂದೇ ಕಥೆ, ಅದೇ ಚಿತ್ರಗಳೊಂದಿಗೆ ಕನ್ನಡದಲ್ಲೂ ತೆಲುಗಿನಲ್ಲೂ ಸಿಗುವುದುಂಟು. ಬೇಕಾದರೆ ಶಿಕ್ಷಕರೇ ಅನುವಾದಿಸಿಯೂ ಸೇರಿಸಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗೆಂದು ಮುದ್ರಿತ ಪುಸ್ತಕದ ಸಮಸ್ಯೆ ಕಂಪ್ಯೂಟರಿನಿಂದ ಮುಗಿಯಿತೆಂದು ಭಾವಿಸಬಾರದು. ಒಂದು ಪಾಠದ ಕಡತವನ್ನು ಕೊಟ್ಟರೆ ಕೊಟ್ಟವರ ಬಳಿಯೂ ಅದು ಉಳಿದಿರುತ್ತದೆ, ಪುಸ್ತಕ ಹಾಗಲ್ಲ. 2020ರ ನವೆಂಬರಿನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಒಂದು ಇಲಾಖೆಯ ಪುಸ್ತಕಗಳು ಇನ್ನೊಂದು ಇಲಾಖೆಯ ಮಕ್ಕಳಿಗೆ ತೆರೆದುಕೊಂಡ ಸಂದರ್ಭ ಅದು. ಆ ಮಕ್ಕಳ ಕೈಗೆ ಸಿಕ್ಕಿದ್ದು ಕಾಗದದ ಪುಸ್ತಕವೇ.

ವಿಶ್ವವಿದ್ಯಾನಿಲಯಗಳ ಮಟ್ಟದಲ್ಲಿ ಇಂಥ ವಿನಿಮಯಕ್ಕೆ ದೆಹಲಿಯ ‘ಡೆಲ್ನೆಟ್’ (1988), ಗುಜರಾತಿನ ‘ಇನ್‌ಫ್ಲಿಬ್‌ನೆಟ್’ (1991) ಮುಂತಾದ ಜಾಲಗಳಿವೆ. ಅವು ಮಾಡುವ ಮೂಲ ಕೆಲಸ ಸರಳವಾದದ್ದು: ಯಾವ ಪುಸ್ತಕ ಯಾವ ಗ್ರಂಥಾಲಯದಲ್ಲಿದೆ ಎಂಬ ಒಂದೇ ಪಟ್ಟಿಯನ್ನು ಎಲ್ಲರ ಮುಂದಿಡುವುದು. ಎರವಲು ಕೇಳಬೇಕಾದರೆ ಇದೆಯೆಂದು ಗೊತ್ತಿರಬೇಕಲ್ಲವೆ? ಹಳ್ಳಿಯ ಶಾಲೆಗಳಿಗೆ ಅಷ್ಟು ದೊಡ್ಡ ಜಾಲ ಬೇಕಾಗಿಲ್ಲ. ಸಿ.ಆರ್.ಸಿ. ವ್ಯಾಪ್ತಿಯ ಶಿಕ್ಷಕರು ಸಮಾಲೋಚನಾ ಸಭೆಗೆಂದು ಒಂದು ಶಾಲೆಯಲ್ಲಿ ಸೇರುವ ಪದ್ಧತಿ ಮೊದಲಿನಿಂದಲೂ ಇದೆ. ಬರುವಾಗ ಪ್ರತಿ ಶಾಲೆಯವರೂ ಓದಿ ಮುಗಿದ ಇಪ್ಪತ್ತು ಪುಸ್ತಕಗಳನ್ನು ಚೀಲದಲ್ಲಿ ತಂದು, ಹೋಗುವಾಗ ಇನ್ನೊಂದು ಶಾಲೆಯ ಇಪ್ಪತ್ತನ್ನು ಒಯ್ದರೆ ವರ್ಷ ಕಳೆಯುವುದರೊಳಗೆ ಒಬ್ಬ ಹುಡುಗ ಹತ್ತು ಬೀರುಗಳ ಪುಸ್ತಕ ನೋಡಿರುತ್ತಾನೆ. ಅದಕ್ಕೆ ಬೇಕಾದದ್ದು ದಾಸ್ತಾನು ವಹಿಯಲ್ಲಿ ‘ಎರವಲು ಹೋದದ್ದು’ ಎಂಬ ಇನ್ನೊಂದು ಕಾಲಂ, ಮತ್ತು ಆ ಕಾಲಮ್ಮಿನಲ್ಲಿ ಬರೆದ ಪುಸ್ತಕ ಹಿಂದಿರುಗದೆ ಹೋದರೆ ಮುಖ್ಯ ಶಿಕ್ಷಕರ ಸಂಬಳಕ್ಕೆ ಕೈಹಾಕುವುದಿಲ್ಲವೆಂದು ಮಧುಗಿರಿಯ ಕಚೇರಿಯಿಂದ ಒಂದು ಪುಟದ ಸುತ್ತೋಲೆ.